ಬೋರ್ಡ್ ಇಲ್ಲದ ಕಟಿಂಗ್ ಅಂಗಡಿ, ಬ್ರಹ್ಮಪುರ ಕಡಿ ಗಲ್ಲಿ, ಕಲಬುರಗಿ: ಐದಕ್ಕ ನಾಕು ಸ್ಟಾರ್

ಮೊದ್ಲ ಹೇಳ್ಬಿಡ್ತೀನ್ರಿ, ಈ ಅಂಗಡಿಗಿ ಹೆಸರಿಲ್ಲ. ಬೋರ್ಡ್ ಇತ್ತು, ನಾ ಹೋಗ್ಲಾಕ ಶುರು ಮಾಡಿದಾಗನೇ ಬಣ್ಣ ಹೋಗಿ ‘ಕಟಿಂಗ್’ ಅನ್ನೋದರಾಗ ಬರೀ ‘ಟಿಂಗ್’ ಉಳದಿತ್ತು, ಹೋದ ವರ್ಷ ಮಳಿಗಾಲದಾಗ ಅದೂ ಹೋಯ್ತು. ಬ್ರಹ್ಮಪುರ ಕಡಿ ಒಂದು ಸಣ್ಣ ಗಲ್ಲಿ, ಹಿಟ್ಟಿನ ಗಿರಣಿ ದಾಟಿ ಎಡಕ್ಕ ಹೊಳ್ಳಿದ್ರ ಒಂದು ಬೇವಿನ ಗಿಡ, ಗಿಡದ ಕೆಳಗ ಚಾದ ಬಂಡಿ, ಅದರ ಹಿಂದ ಅಂಗಡಿ. ಎರಡು ಖುರ್ಚಿ, ಎದುರಾ ಬದುರಾ ಎರಡು ಕನ್ನಡಿ, ಒಂದು ಫ್ಯಾನ್, ಕುಂದ್ರಲಾಕ ಒಂದು ಉದ್ದನ ಬೆಂಚು, ಕೆಳಗ ಶಹಾಬಾದ್ ಫರಸಿ. ಗ್ವಾಡಿ ಮ್ಯಾಲ ಬಸವಣ್ಣೋರ ಫೋಟೋ, ಹಡಪದ ಅಪ್ಪಣ್ಣೋರ ಫೋಟೋ, ಬಾಜೂಕ ಬಂದೇನವಾಜ್ ದರ್ಗಾದ ಕ್ಯಾಲೆಂಡರ್. ಕಟಿಂಗ್ 80, ದಾಡಿ 40, ತೆಲಿ ಮಾಲೀಶ್ ಬೇಕಂದ್ರ ಮತ್ತ 50, ಆದ್ರ ಹಳೇ ಗಿರಾಕಿಗಿ ಮಾಲೀಶಿಂದು ರೊಕ್ಕ ಕೇಳಂಗಿಲ್ಲ, ನಾವೇ ತಿಳ್ಕೊಂಡು ಕೊಡಬೇಕು. ಮಂಗಳವಾರ ಬಂದ್, ಅಮಾಸಿಗಿ ಬಂದ್. ಫೋನ್ ಪೇ ಅದ, ಆದ್ರ ಅಂಗಡಿ ನಡಸೋ ಕಾಕಾ ಅದರ ಸೌಂಡ್ ಡಬ್ಬಿ ಬಂದ್ ಮಾಡಿ ಇಡ್ತಾರ, ಯಾರು ಎಷ್ಟು ಕೊಟ್ರು ಅಂತ ಊರಿಗೆಲ್ಲ ಯಾಕ ಕೇಳಿಸ್ಬೇಕು ಅಂತ ಅವರ ವಾದ. (ಈ ಮಾತು ನೆನಪಿಟ್ಕೋರಿ, ಕಡೀಗಿ ಬರ್ತದ.)

ಹನ್ನೊಂದು ವರ್ಷದಿಂದ ಇಲ್ಲೇ ಹೋಗ್ತೀನಿ, ರಿವ್ಯೂ ಬರೀಬೇಕು ಅಂತ ಒಮ್ಮಿನೂ ಅನ್ಸಿರಲಿಲ್ಲ. ಈಗ್ಯಾಕ ಅಂದ್ರ, ಹೋದ ತಿಂಗಳ ಮನಿಯಾಗ ಲಗ್ನ ಇತ್ತು, ನಮ್ಮ ಮನಿಯವ್ರು ‘ಆ ಗಿಡದ ಕೆಳಗಿನ ಅಂಗಡಿಗಿ ಹೋಗಿ ಬಂದ್ರ ಫೋಟೋದಾಗ ನೀವು ನನ್ನ ಬಾಜೂಕ ನಿಂದ್ರಬ್ಯಾಡ್ರಿ’ ಅಂತ ಹೇಳಿ ಒಂದು ಎಸಿ ಸಲೂನಿಗಿ ಕಳಿಸಿದ್ರು. ಹೆಸರು ಬ್ಯಾಡ. ಒಳಗ ಕಾಲಿಟ್ಟ ಕೂಡ್ಲೇ ಮೊಬೈಲ್ ನಂಬರ್ ಕೇಳಿದ್ರು, ಪ್ಲಾಸ್ಟಿಕ್ ಹಾಳಿ ಸುತ್ತಿದ್ರು, ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡ ಹುಡುಗ ಮೂವತ್ತೈದು ನಿಮಿಷದಾಗ ಮೂರೇ ಮಾತು ಆಡಿದ: ‘ಶಾರ್ಟಾ?’, ‘ತೆಲಿ ಬಗ್ಗಸ್ರಿ’, ‘450’. ಖರೇ ಹೇಳ್ಬೇಕಂದ್ರ ಕಟಿಂಗ್ ಕಾಕಾನ ಕಟಿಂಗಿಗಿಂತ ಚೊಲೊ ಇತ್ತು. ಕಿವಿ ಮುಂದಿನ ಎರಡೂ ಕಲ್ಲಿ ಸಮ ಬಂದಿದ್ದು ನನ್ನ ಜೀವನದಾಗ ಅದೇ ಮೊದಲ ಸಲ. ಆದ್ರ ಮನಿಗಿ ಬಂದು ಕುಂತ್ರ ಏನೋ ಬಿಟ್ಟು ಬಂದೀನಿ ಅಂತ ಅನ್ಸ್ಲಕತ್ತು, ಎರಡು ಸಲ ಕಿಸೆ ತಟ್ಟಿ ನೋಡ್ಕೊಂಡೆ, ಪಾಕೀಟ್ ಅಲ್ಲೇ ಇತ್ತು.

ನಾ ಪಿಯುಸಿ ಹುಡುಗರಿಗಿ ಬಯಾಲಜಿ ಹೇಳೋ ಮಾಸ್ತರ, ಅದಕ್ಕ ಇಂಥಾದ್ದು ತೆಲ್ಯಾಗ ಹೊಕ್ರ ಬಿಡಂಗಿಲ್ಲ. ಗುಡಿ ಗ್ವಾಡಿ ಮ್ಯಾಲ ಕುಂತು ಒಂದರ ತೆಲಿ ಒಂದು ಬಿಡಿಸಿ ಹೇನು ಹುಡುಕೋ ಮಂಗ್ಯಾಗಳನ್ನ ಎಲ್ಲಾರೂ ನೋಡಿರ್ತೀರಿ, ಅದು ಬರೀ ಸ್ವಚ್ಛ ಮಾಡೋ ಕೆಲಸ ಆಗಿದ್ರ ಹತ್ತು ನಿಮಿಷಕ್ಕ ಮುಗೀಬೇಕು. ಇಥಿಯೋಪಿಯಾದ ಗುಡ್ಡದಾಗ ಗೆಲಾಡಾ ಅಂತ ಹುಲ್ಲು ಮೇಯೋ ಮಂಗ ಅವ, ಅವು ಎಚ್ಚರ ಇರೋ ಹೊತ್ತಿನಾಗ 20 ಪರ್ಸೆಂಟ್ ತನಕ ಇದ್ರಾಗೇ ಕಳೀತಾವ. ಹೊಟ್ಟಿ ತುಂಬ್ಬೇಕಂದ್ರ ರಾಶಿಗಟ್ಲೆ ಹುಲ್ಲು ತಿನ್ಬೇಕಾದ ಪ್ರಾಣಿ ಇಷ್ಟು ಟೈಮ್ ಯಾಕ ಹಾಳ ಮಾಡ್ತದ? ಹಾಳ ಮಾಡಂಗಿಲ್ರಿ, ದೋಸ್ತಿ ಜಮಾ ಮಾಡ್ತದ. 1989ರಾಗ ಕೆವೆರ್ನ್ ಮತ್ತ ಅವರ ಜೊತಿಗಿನವ್ರು ಟ್ಯಾಲಪೊಯಿನ್ ಅನ್ನೋ ಸಣ್ಣ ಮಂಗಗಳನ್ನ ಪರೀಕ್ಷಾ ಮಾಡಿ ನೋಡಿದ್ರ, ಮೈ ಬಿಡಿಸಿಸ್ಕೊಂಡ ಮಂಗದಾಗ ಬೀಟಾ ಎಂಡಾರ್ಫಿನ್ ಏರಿತ್ತು, ಅಂದ್ರ ಮೈಯೇ ತಯಾರ ಮಾಡೋ ಅಫೀಮು ಅನ್ರಿ. ಆ ಅಫೀಮಿನ ಕೆಲಸ ತಡಿಯೋ ಔಷಧ ಕೊಟ್ರ ಮಂಗಗಳು ‘ಇನ್ನೊಂದೀಟು ಬಿಡಸ್ರಿ’ ಅಂತ ಮತ್ತಷ್ಟು ಮೈ ಒಡ್ಡಿದ್ವು.

ಕಾಕಾನ ಮಾಲೀಶ್ ಗೊತ್ತಿದ್ದವರಿಗಿ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಮೊದ್ಲ ಎಣ್ಣಿ ನೆತ್ತಿಗಿ ಬಡದು ಬಡದು ಇಳಸ್ತಾರ, ಆಮ್ಯಾಲ ಹತ್ತೂ ಬೆರಳು ಕೂದ್ಲಾಗ ಹೊಕ್ಕು ಸಾವಕಾಶ ಹಿಂದಕ್ಕ ಹೋಗ್ತಾವ, ಕಿವಿ ಹಿಂದ, ಹೆಡಕಿಗಿ, ಮತ್ತ ಮ್ಯಾಲ. ಈ ಸಾವಕಾಶಕ್ಕೂ ಒಂದು ಲೆಕ್ಕ ಅದ. ನಮ್ಮ ಕೂದ್ಲಿರೋ ಚರ್ಮದಾಗ ಸಿ ಟ್ಯಾಕ್ಟೈಲ್ ಅಂತ ಒಂದು ಜಾತಿ ನರ ಅವ, ಅವಕ್ಕ ಜೋರಾಗಿ ಉಜ್ಜಿದ್ರ ಅಷ್ಟಾಗಿ ನಡಿಯಂಗಿಲ್ಲ, ಬರೇ ಇಟ್ಟ ಕೈಗೂ ನಡಿಯಂಗಿಲ್ಲ, ಸೆಕೆಂಡಿಗಿ 1 ರಿಂದ 10 ಸೆಂಟಿಮೀಟರ್ ಓಟದಾಗ ಸವರಿದ್ರ ಭಾಳ ಚುರುಕಾಗಿ ಸುದ್ದಿ ಮುಟ್ಟಸ್ತಾವ. ತಾಯಿ ಕೂಸಿನ ಬೆನ್ನು ಸವರೋ ಓಟ, ಹೆಚ್ಚು ಕಮ್ಮಿ ಅದೇ. ಕಾಕಾ ಇದನ್ನ ಯಾವ ಪುಸ್ತಕದಾಗೂ ಓದಿಲ್ಲ, ಅವರಪ್ಪನ ಕೈ ನೋಡಿ ಕಲ್ತಾರ. ಎಸಿ ಸಲೂನಿನಾಗ ಮಾಲೀಶಿಗಿ ಒಂದು ನಡುಗೋ ಮಶೀನ್ ತಂದು ತೆಲಿ ಮ್ಯಾಲ ಇಟ್ಟಿದ್ರು. ಬೋರ್‌ವೆಲ್ ಕೊರದಂಗ ಆಯ್ತು.

ಈಗ ಮಾತಿಗಿ ಬರ್ತೀನಿ, ಯಾಕಂದ್ರ ಈ ಅಂಗಡಿಯ ಅಸಲಿ ಮಾಲು ಅದೇ. ಸಂಡೇ ಮುಂಜಾನಿ ಬೆಂಚಿನ ಮ್ಯಾಲ ಆರು ಮಂದಿ ಕುಂತಿರ್ತಾರ, ಅದ್ರಾಗ ಇಬ್ಬರಿಗಷ್ಟೇ ಕಟಿಂಗ್ ಬೇಕಿರ್ತದ. ಉಳದವ್ರು ಪೇಪರ್ ಓದ್ಲಾಕ ಬಂದವ್ರು, ಗಂಜ್‌ದಾಗ ತೊಗರಿ ರೇಟ್ ಏನಾಗ್ಯಾದ ಕೇಳ್ಲಾಕ ಬಂದವ್ರು, ಮಗಳಿಗಿ ಗಂಡು ಹುಡುಕ್ಲಕತ್ತವ್ರು. ರಾಬಿನ್ ಡನ್‌ಬಾರ್ ಅಂತ ಇಂಗ್ಲೆಂಡಿನ ಪ್ರೊಫೆಸರ್ ಒಬ್ಬರು ಮಂಗಗಳ ಮೆದುಳಿನ ಹೊರಪದರ ಎಷ್ಟು ದೊಡ್ಡದು, ಗುಂಪು ಎಷ್ಟು ದೊಡ್ಡದು ಅಂತ ಗೆರಿ ಎಳದು ನೋಡಿ, 1993ರಾಗ ಮನಷ್ಯಾಂದು ಲೆಕ್ಕ ಸುಮಾರು 150 ಬರ್ತದ ಅಂದ್ರು. ಅಷ್ಟು ಮಂದಿ ತೆಲಿ ಬಿಡಿಸ್ಕೋತ ಕುಂತ್ರ ದಿನದಾಗ ನಲವತ್ತು ಪರ್ಸೆಂಟಿಗಿಂತ ಹೆಚ್ಚು ಹೊತ್ತು ಅದಕ್ಕೇ ಬೇಕು, ಹೊಲಕ್ಕ ಹೋಗೋರ್ಯಾರು? ಅದಕ್ಕ ಕೈ ಬದ್ಲು ಬಾಯಿ ಬಂತು ಅಂತ ಅವರ ವಾದ. ಕೈಲಿಂದ ಒಂದು ಸಲಕ್ಕ ಒಬ್ಬರ ತೆಲಿ ಅಷ್ಟೇ ಸವರಬಹುದು, ಬಾಯಿಲಿಂದ ಮೂರು ಮಂದೀನ ಒಮ್ಮಿಗೇ ಸವರಬಹುದು. ಜನ ಕುಂತು ಆಡೋ ಮಾತಿನಾಗ ಮೂರರಾಗ ಎರಡು ಪಾಲು ಯಾರು, ಏನು, ಯಾರ ಜೊತಿ ಅನ್ನೋದೇ ಇರ್ತದ ಅಂತ ಅವರು ಕದ್ದು ಕೇಳಿ ಲೆಕ್ಕ ಹಾಕ್ಯಾರ. ನಮ್ಮ ಬೆಂಚಿನ ಮ್ಯಾಲ ಕುಂತಿದ್ರ ಲೆಕ್ಕ ಇನ್ನೂ ಮ್ಯಾಲ ಹೋಗ್ತಿತ್ತು.

ಆ 150 ಅನ್ನೋದು ಕಲ್ಲಾಗ ಕೊರದ ಅಂಕಿ ಏನಲ್ಲ ಮತ್ತ. 2021ರಾಗ ಸ್ಟಾಕ್‌ಹೋಮ್ ಯುನಿವರ್ಸಿಟಿಯವ್ರು ಅದೇ ಲೆಕ್ಕ ಬ್ಯಾರೆ ರೀತಿ ಮಾಡಿ, ಉತ್ರ ಎಷ್ಟರಿಂದ ಎಷ್ಟರ ತನಕಾನೂ ಬರ್ತದ, ಒಂದೇ ಅಂಕಿ ಹೇಳ್ಲಾಕ ಆಗಂಗಿಲ್ಲ ಅಂದ್ರು. ನನಗೂ ಹಂಗೇ ಅನ್ಸ್ತದ. ಕಾಕಾಗ ಹೆಸರು, ಊರು, ಯಾರ ಅಳಿಯ, ಯಾವ ಕಲ್ಲಿಗಿ ಕೂದ್ಲ ಕಮ್ಮಿ ಅನ್ನೋದ್ರ ಸಮೇತ ನೆನಪಿರೋ ಮಂದಿ ಐದುನೂರಕ್ಕ ಕಮ್ಮಿ ಇಲ್ಲ. ನನಗ ಮಾತ್ರ ಒಂದೇ ಸೆಕ್ಷನ್ನಿನ ಎಂಬತ್ತು ಹುಡುಗರ ಹೆಸರು ನೆನಪಿರಂಗಿಲ್ಲ.

ಇನ್ನ ದಾಡಿ. ಹೊಸದಾಗಿ ಹೋಗೋರಿಗಿ ಇದು ಒಂದು ಪರೀಕ್ಷಾನೇ. ಖುರ್ಚಿ ಹಿಂದಕ್ಕ ಬಗ್ಗಿಸಿ, ಗದ್ದ ಮ್ಯಾಲ ಎತ್ತಿಸಿ, ವಸ್ತ್ರಾದಾಗ, ಅಂದ್ರ ದಾಡಿ ಕತ್ತ್ಯಾಗ, ಹೊಸ ಬ್ಲೇಡ್ ಸಿಗಿಸಿ (ನಿಮ್ಮ ಕಣ್ಣ ಮುಂದೇ ಪಾಕೀಟ್ ಹರೀತಾರ, ಇದಕ್ಕ ಪೂರಾ ಮಾರ್ಕ್ಸ್), ಗಂಟಲ ಗುಳ್ಳಿ ಮ್ಯಾಲ ಸರ್ರ್ ಅಂತ ಎಳಿಯೋ ಹೊತ್ತಿಗೇ ಕಾಕಾ ಒಂದು ಪ್ರಶ್ನಿ ಕೇಳ್ತಾರ. ಉತ್ರ ಕೊಡ್ಲಾಕ ಆಗಂಗಿಲ್ಲ, ಉಗುಳು ನುಂಗ್ಲಾಕ ಆಗಂಗಿಲ್ಲ. ಕಣ್ಣು ಮುಚ್ಚಿ ಕುಂದ್ರೋದು. ಯೋಚ್ನಿ ಮಾಡಿ ನೋಡ್ರಿ, ಗುರ್ತಿಲ್ಲದ ಮನಷ್ಯಾ ರಸ್ತಾದಾಗ ಬ್ಲೇಡ್ ಹಿಡ್ಕೊಂಡು ಹತ್ರ ಬಂದ್ರ ನಾವು ಓಡ್ತೀವಿ, ಇಲ್ಲಿ ರೊಕ್ಕ ಕೊಟ್ಟು ಕುತ್ತಿಗಿ ಒಡ್ಡತೀವಿ. ಕೋಸ್ಟರಿಕಾದಾಗ ಬಿಳಿ ಮಾರಿ ಕಪುಚಿನ್ ಮಂಗಗಳನ್ನ ವರ್ಷಾನುಗಟ್ಲೆ ನೋಡಿದ ಸೂಸನ್ ಪೆರಿ ಒಂದು ವಿಚಿತ್ರ ಬರದಾರ. ಆ ಮಂಗಗಳಾಗ ಕೆಲವು ದೋಸ್ತರು ಒಬ್ಬರ ಮೂಗಿನಾಗ ಒಬ್ಬರು ಬೆರಳು ಇಟ್ಕೊಂಡು ಸುಮ್ನ ಕುಂದರ್ತಾವಂತ, ಕೆಲವಂತೂ ಕಣ್ಣಿನ ಗುಡ್ಡಿ ಬಾಜೂಕ ಬೆರಳು ತೂರಿಸ್ಕೋತಾವಂತ, ನೋವಾದ್ರೂ ಬಿಡಂಗಿಲ್ಲ. ಯಾಕ? ‘ನಿನ್ನ ಕೈಯಾಗ ನನ್ನ ಕಣ್ಣು ಅದ, ಆದ್ರೂ ನಾ ಕುಂತೀನಿ’ ಅನ್ನೋದನ್ನ ಬಾಯಿಲೇ ಹೇಳಿದ್ರ ಯಾರ್ ನಂಬ್ತಾರ, ಹಿಂಗ ತೋರಿಸ್ಬೇಕು. ದೋಸ್ತಿ ಗಟ್ಟಿ ಅದನೋ ಇಲ್ಲೋ ಅಂತ ನೋಡ್ಲಾಕ ಸ್ವಲ್ಪ ತ್ರಾಸ ಕೊಟ್ಟು ನೋಡ್ಬೇಕು ಅಂತ ಇಸ್ರೇಲಿನ ಝಹಾವಿ 1977ರಾಗೇ ಬರದಿದ್ರು. ಹನ್ನೊಂದು ವರ್ಷದಾಗ ಕಾಕಾ ನನಗ ಎರಡು ಸಲ ಕೊಯ್ದಾರ, ಎರಡೂ ಸಲ ನನ್ನದೇ ತಪ್ಪು, ನಕ್ಕಿದ್ದೆ. ಫಿಟ್ಕರಿ ಕಲ್ಲು ಉಜ್ಜಿದ್ರ ಚುರ್ ಅಂತದ, ಆಮ್ಯಾಲ ತಂಪು.

ಆದ್ರ ನನಗ ಈ ಅಂಗಡಿ ಪೂರಾ ತಿಳದಿದ್ದು ಮಂಗನಿಂದ ಅಲ್ರಿ, ಮೀನಿಂದ. ಸಮುದ್ರದಾಗ ಹವಳದ ಬಂಡಿಗಲ್ಲಿನ ಸಂದ್ಯಾಗ ಕ್ಲೀನರ್ ರಾಸ್ ಅಂತ ಬೆರಳುದ್ದದ ಮೀನು ಇರ್ತದ, ಮೈ ಮ್ಯಾಲ ಒಂದು ಕರಿ ಪಟ್ಟಿ, ನೀಲಿ ಬಾಲ. ಅದು ಖರೇನೇ ಒಂದು ಅಂಗಡಿ ಇಟ್ಟಂಗ ಒಂದೇ ಜಾಗಾದಾಗ ಇರ್ತದ, ದೊಡ್ಡ ದೊಡ್ಡ ಮೀನು ಬಂದು ಬಾಯಿ ತಕ್ಕೊಂಡು ನಿಂತ್ರ ಅವರ ಮೈಮ್ಯಾಲಿನ, ಕಿವಿರಿನ, ಬಾಯಿ ಒಳಗಿನ ಹುಳ ಆರಿಸಿ ತಿಂತದ, ದಿನಕ್ಕ 2000ದ ಆಸುಪಾಸು ಸಲ ಗಿರಾಕಿ ಕೆಲಸ ಮಾಡ್ತದ. ಮೀನಿಗಿ ಹುಳ ಹೋಯ್ತು, ಇದಕ್ಕ ಹೊಟ್ಟಿ ತುಂಬಿತು, ಎಲ್ಲಾರೂ ಖುಷಿ. ಆದ್ರ ಅದಕ್ಕ ಖರೇ ರುಚಿ ಹತ್ತೋದು ಹುಳ ಅಲ್ಲ, ಗಿರಾಕಿ ಮೈ ಮ್ಯಾಲಿನ ಲೋಳಿ. ಚಾನ್ಸ್ ಸಿಕ್ರ ಗಬಕ್ ಅಂತ ಕಚ್ಚಿ ಲೋಳಿ ತಿಂತದ, ಗಿರಾಕಿ ಮೈ ಝಾಡಿಸಿ ಎದ್ದು ಹೋಗ್ತದ. ಈಗ ನೋಡ್ರಿ ಮಜಾ. ಬ್ಶಾರಿ ಮತ್ತ ಗ್ರಟ್ಟರ್ ಅನ್ನೋ ಇಬ್ಬರು 2006ರಾಗ ತೋರಿಸಿದ್ದು ಏನಂದ್ರ, ಬಾಜೂಕ ಇನ್ನೊಂದು ಗಿರಾಕಿ ನಿಂತು ನೋಡ್ಲಕತ್ತಿದ್ರ ಈ ಮೀನು ಮೋಸ ಕಮ್ಮಿ ಮಾಡ್ತದ, ಮತ್ತ ನೋಡಿದ ಗಿರಾಕಿ ಮೋಸ ಮಾಡದ ಮೀನಿನ ಹಂತ್ಯಾಕೇ ಹೋಗ್ತದ. ಅಂದ್ರ ಸಮುದ್ರದ ಕೆಳಗೂ ರಿವ್ಯೂ ನಡೀತದ, ಸ್ಟಾರ್ ಅಷ್ಟೇ ಇಲ್ಲ.

ಇದನ್ನ ಓದಿದ ಮ್ಯಾಲ ಕಾಕಾನ ಬೆಂಚು ನನಗ ಬ್ಯಾರೇನೇ ಕಾಣ್ಸ್ತು. ಆ ಬೆಂಚಿನ ಮ್ಯಾಲ ಕುಂತವ್ರು ಬರೀ ಪೇಪರ್ ಓದ್ಲಕತ್ತಿಲ್ಲ, ನೋಡ್ಲಕತ್ತಾರ. ಹೊಸ ಬ್ಲೇಡ್ ಹಾಕಿದ್ನಾ, ಟವೆಲ್ ಬದಲಿ ಮಾಡಿದ್ನಾ, ಹುಡುಗಗ ಬೈದ್ನಾ, ಬಡವಗ ಒಂಥರಾ ಸಾವಕಾರಗ ಒಂಥರಾ ಮಾಡಿದ್ನಾ. ‘ನೀ ನನಗ ಮಾಡು, ನಾ ನಿನಗ ಮಾಡ್ತೀನಿ’ ಅನ್ನೋ ಲೆಕ್ಕ 1971ರಾಗ ಟ್ರಿವರ್ಸ್ ಬರದು ಇಟ್ಟರು, ಆದ್ರ ಊರು ದೊಡ್ಡದಾದ್ರ ಒಬ್ಬರಿಗೊಬ್ಬರು ಮತ್ತ ಭೆಟ್ಟಿ ಆಗ್ತಾರ ಅನ್ನೋ ಗ್ಯಾರಂಟಿ ಇಲ್ಲ, ಆಗ ‘ನೀ ಅವನಿಗಿ ಮಾಡಿದ್ದು ನಾ ನೋಡೀನಿ, ಅದಕ್ಕ ನಾ ನಿನಗ ಮಾಡ್ತೀನಿ’ ಅನ್ನೋದು ಬೇಕು. ನೊವಾಕ್ ಮತ್ತ ಸಿಗ್‌ಮುಂಡ್ 1998ರಾಗ ಕಂಪ್ಯೂಟರಿನಾಗ ಇದನ್ನ ಆಡಿಸಿ ತೋರಿಸ್ಯಾರ, ಹೆಸರು ಅನ್ನೋದೊಂದು ಇದ್ರ ಸಾಕು, ಗುರ್ತಿಲ್ಲದವ್ರ ನಡುವೂ ಸಹಕಾರ ಉಳೀತದ. ನಮ್ಮವ್ವ ಇದನ್ನ ಒಂದೇ ಮಾತಿನಾಗ ಹೇಳ್ತಿದ್ಲು, ‘ನಾಕು ಮಂದಿ ಏನಂದಾರು’. ಆ ನಾಕು ಮಂದಿ ಯಾರು ಅಂತ ಸಣ್ಣವನಿದ್ದಾಗ ಭಾಳ ಹುಡುಕೀನಿ. ಇಲ್ಲೇ ಬೆಂಚಿನ ಮ್ಯಾಲ ಕುಂತಾರ ನೋಡ್ರಿ.

ಮೀನಿಂದು ಇನ್ನೊಂದು ಅದ, ಇದು ನನ್ನ ಸಣ್ಣ ಸಿಟ್ಟು. ಆ ಮೀನಿನ ಹತ್ರ ಎರಡು ನಮೂನಿ ಗಿರಾಕಿ ಬರ್ತಾವ. ಒಂದು ಅಲ್ಲೇ ವಾಸ ಇರೋವು, ಬ್ಯಾರೆ ಅಂಗಡಿ ಗೊತ್ತಿಲ್ಲದವು. ಇನ್ನೊಂದು ದೂರ ಅಡ್ಡಾಡೋವು, ಇಲ್ಲಿ ಸರಿ ಬರಲಿಲ್ಲಂದ್ರ ಮುಂದಿನ ಬಂಡಿಗಲ್ಲಿಗಿ ಹೋಗೋವು. ಎರಡೂ ಒಮ್ಮಿಗೇ ಬಂದ್ರ ಯಾರ ಕೆಲಸ ಮೊದಲು? ಅಡ್ಡಾಡೋ ಗಿರಾಕೀದು! ಅಲ್ಲೇ ಇರೋದು ಎಲ್ಲಿ ಹೋಗ್ತದ, ಕಾಯ್ತದ. ಈಗ ನಾ ಹೇಳೋದು ಬ್ಯಾಡ, ಸಂಡೇ ಏಳಕ್ಕ ಬಂದು ಕುಂತ ನನ್ನನ್ನ ‘ಸರ, ಐದೇ ನಿಮಿಷ’ ಅಂತ ಕುಂದ್ರಿಸಿ, ಸ್ಟೇಷನ್ ಕಡಿಂದ ಬ್ಯಾಗ್ ಹಾಕ್ಕೊಂಡು ಬಂದ ಗುರ್ತಿಲ್ಲದ ಹುಡುಗನ ದಾಡಿ ಮೊದ್ಲ ಹಿಡ್ಕೋತಾರಲ್ಲ, ಅದಕ್ಕ ಏನನ್ಬೇಕು? ಒಂದು ಸಲ ಕೇಳೇಬಿಟ್ಟೆ. ‘ಸರ, ನೀವು ನಮ್ಮವ್ರು’ ಅಂದ್ರು. ಹಿಂಗಂದ್ರ ಮನಷ್ಯಾ ಏನ್ ಮಾತಾಡ್ಬೇಕ್ರಿ, ಸುಮ್ನ ಕುಂತೆ. ಇನ್ನೊಂದು ಹೇಳ್ಲಾ, ಆ ಮೀನು ಸಿಟ್ಟಾದ ಗಿರಾಕಿಗಿ ರೆಕ್ಕಿಲೇ ಬೆನ್ನು ಸವರಿ ಸಮಾಧಾನ ಮಾಡ್ತದಂತ. ಕಾಕಾ ಅವತ್ತು ಮಾಲೀಶ್ ಹತ್ತು ನಿಮಿಷ ಹೆಚ್ಚಿಗಿ ಮಾಡಿದ್ರು.

ಕನ್ನಡಿ ಬಗ್ಗಿ ಒಂದು ಮಾತು. ಗ್ಯಾಲಪ್ ಅನ್ನೋವರು 1970ರಾಗ ಚಿಂಪಾಂಜಿಗಳ ಹುಬ್ಬಿನ ಮ್ಯಾಲ ಗೊತ್ತಾಗದಂಗ ಬಣ್ಣ ಹಚ್ಚಿ ಕನ್ನಡಿ ಮುಂದ ಬಿಟ್ಟಾಗ, ಅವು ಕನ್ನಡಿ ಮುಟ್ಟದೇ ತಮ್ಮ ಹುಬ್ಬೇ ಮುಟ್ಟಿ ನೋಡ್ಕೊಂಡ್ವು, ಅಂದ್ರ ‘ಅದು ನಾನೇ’ ಅಂತ ತಿಳೀತು. ಭಾಳ ವರ್ಷ ಇದು ದೊಡ್ಡ ಮೆದುಳಿನವರ ಸೊತ್ತು ಅಂತಿದ್ರು, 2019ರಾಗ ಜಪಾನಿನವ್ರು ಇದೇ ಕ್ಲೀನರ್ ಮೀನಿನ ಗಂಟಲಕ್ಕ ಕಂದು ಚುಕ್ಕಿ ಹಚ್ಚಿ ಕನ್ನಡಿ ಇಟ್ರ ಅದು ಹೋಗಿ ಗಂಟಲು ಉಸುಕಿಗಿ ಉಜ್ಜಿಕೊಂಡ್ತು. ಖರೇನೇ ತಿಳೀತಾ, ಇಲ್ಲ ಹುಳ ಅಂದ್ಕೊಂಡ್ತಾ ಅಂತ ಇನ್ನೂ ಜಗಳ ನಡದದ. ಎದುರಾ ಬದುರಾ ಕನ್ನಡಿಯಾಗ ನನ್ನ ಹಿಂದಿನ ನೆತ್ತಿ ಸಾಲಾಗಿ ಇಪ್ಪತ್ತು ಸಲ ಕಾಣಿಸಿದಾಗ ನನಗೂ ಒಂದು ಕ್ಷಣ ಅದು ಯಾರೋ ಬ್ಯಾರೆಯವ್ರದು ಅನ್ಸ್ತದ, ಅಷ್ಟು ಬೋಳಾಗ್ಯಾದ.

ಬೋಳು ಅಂದ ಮ್ಯಾಲ ಕಲಬುರಗಿ ಬಿಸಿಲಿಂದು ಹೇಳ್ದಿದ್ರ ಹ್ಯಾಂಗ. ಮೈ ಮ್ಯಾಲಿನ ಕೂದ್ಲೆಲ್ಲ ತೆಳ್ಳಗಾಗಿ ಬೆವರಿನ ಗ್ರಂಥಿ ಹೆಚ್ಚಾದ ನಮ್ಮ ಜಾತಿಗಿ ನೆತ್ತಿ ಮ್ಯಾಲಷ್ಟೇ ಇಷ್ಟು ಕೂದ್ಲ ಯಾಕ ಉಳೀತು ಅಂತ 2023ರಾಗ ಟೀನಾ ಲಸಿಸಿ ಮತ್ತ ಜೊತಿಗಿನವ್ರು ಬಿಸಿ ಆಗೋ ಗೊಂಬಿಗಿ ಥರಾಥರದ ವಿಗ್ ಹಾಕಿ, ಮ್ಯಾಲ ದೀಪ ಬಿಟ್ಟು ಅಳತಿ ಮಾಡಿದ್ರು. ಯಾವ ಕೂದ್ಲ ಇದ್ರೂ ಬಿಸಿಲಿನ ಕಾವು ಕಮ್ಮಿ ಇಳೀತದ, ಗುಂಗುರು ಕೂದ್ಲ ಇದ್ರ ಎಲ್ಲಾಕ್ಕಿಂತ ಕಮ್ಮಿ. ಎರಡು ಕಾಲ ಮ್ಯಾಲ ನಿಂತ ಪ್ರಾಣಿಗಿ ನಡು ಮಧ್ಯಾಹ್ನ ಬಿಸಿಲು ಬೀಳೋದೇ ನೆತ್ತಿಗಿ, ಮೆದುಳೋ ಮೈ ತೂಕದಾಗ 2 ಪರ್ಸೆಂಟ್ ಇದ್ದು 20 ಪರ್ಸೆಂಟ್ ಶಕ್ತಿ ತಿನ್ನೋದು, ಮೊದ್ಲೇ ಬಿಸಿ. ಕಾಕಾಗ ಇದನ್ನ ಹೇಳಿದೆ, ಮೇ ತಿಂಗಳು, ಹೊರಗ 43 ಡಿಗ್ರಿ, ‘ಅಂದ್ರ ಸರ, ಬ್ಯಾಸಿಗ್ಯಾಗ ಸಣ್ಣ ಕಟಿಂಗ್ ಮಾಡಿಸ್ಬಾರ್ದು ಅಂತೀರೇನು, ನನ್ನ ಧಂದೆ ಮುಚ್ಚಸ್ತೀರಿ’ ಅಂತ ನಕ್ರು. ದಾಡಿ ಬಿಡೋ ಫ್ಯಾಶನ್ನಿನ ಬಗ್ಗಿನೂ ಅವರಿಗಿ ಸಿಟ್ಟು ಅದ, ಅದಕ್ಕೂ ನನ್ನ ಹತ್ರ ಒಂದು ಸಮಾಧಾನ ಇತ್ತು: ಆಸ್ಟ್ರೇಲಿಯಾದವ್ರು 2014ರಾಗ ತೋರಿಸ್ಯಾರ, ದಾಡಿ ಕಮ್ಮಿ ಇರೋ ಗುಂಪಿನಾಗ ದಾಡಿ ಚೆಂದ ಕಾಣ್ತದ, ಎಲ್ಲಾರೂ ದಾಡಿ ಬಿಟ್ಟ ಗುಂಪಿನಾಗ ಬೋಳು ಗದ್ದ ಚೆಂದ ಕಾಣ್ತದ. ಕಾಯ್ರಿ ಕಾಕಾ, ತಿರುಗಿ ಬರ್ತದ.

ಇಲ್ಲಿ ಒಂದು ಎಚ್ಚರಿಕಿ, ನನಗ ನಾನೇ ಹೇಳ್ಕೊಳ್ಳೋದು. ಎಲ್ಲಾದಕ್ಕೂ ‘ವಿಕಾಸದಿಂದ ಹಿಂಗಾಯ್ತು’ ಅಂತ ಕಥಿ ಕಟ್ಟೋದು ಭಾಳ ಸಲೀಸು, ನಮ್ಮ ಬೆಂಚಿನ ಮ್ಯಾಲಿನ ಒಬ್ಬ ರಿಟೈರ್ಡ್ ಸಾಹೇಬ್ರಂತೂ ಹೆಂಗಸರು ಯಾಕ ಶಾಪಿಂಗ್ ಮಾಡ್ತಾರ ಅನ್ನೋದಕ್ಕೂ ಆದಿಮಾನವನ ಕಾರಣ ಹೇಳ್ತಾರ. ಗೌಲ್ಡ್ ಮತ್ತ ಲೆವೊಂಟಿನ್ 1979ರಾಗೇ ಇದಕ್ಕ ಬೈದಾರ: ಗುಮ್ಮಟ ಕಟ್ಟುವಾಗ ಕಮಾನುಗಳ ನಡುವ ತಾನೇ ತಾನಾಗಿ ತ್ರಿಕೋನದ ಜಾಗಾ ಉಳೀತದ, ಅದ್ರಾಗ ಚಿತ್ರ ಬರದದ್ದು ನೋಡಿ ‘ಚಿತ್ರ ಬರೀಲಿಕ್ಕೇ ಈ ಜಾಗಾ ಮಾಡ್ಯಾರ’ ಅಂದ್ರ ಹ್ಯಾಂಗೋ ಹಂಗ ಅಂತ. ನಮ್ಮ ಊರಾಗ ಬಹಮನಿ ಕಾಲದ ಗುಂಬಜ್‌ಗೋಳ ಒಳಗ ನಿಂತು ಮ್ಯಾಲ ನೋಡ್ರಿ, ಮೂಲಿಯಾಗ ಉಳಿದ ಜಾಗಾ ಕಾಣ್ತಾವ, ಮಾತು ಬೇಗ ತಿಳೀತದ. ಮಂಗ, ಮೀನು ಎರಡೂ ನಮಗ ಒಂದು ಅಂದಾಜು ಕೊಡ್ತಾವ, ಅಷ್ಟೇ.

ಅಂಗಡಿಯಾಗ ಒಬ್ಬ ಹುಡುಗ ಅದಾನ, ಕಾಕಾನ ತಂಗಿ ಮಗ, ಆಳಂದ ಕಡಿಂದ ಬಂದು ಎರಡು ವರ್ಷ ಆಯ್ತು. ಮೊದಲ ಆರು ತಿಂಗಳು ಅವಗ ಕೊಟ್ಟಿದ್ದು ಫುಗ್ಗಾ. ಫುಗ್ಗಾ ಊದಿ, ನೊರಿ ಹಚ್ಚಿ, ವಸ್ತ್ರಾಲೇ ನೊರಿ ಅಷ್ಟೇ ತಗೀಬೇಕು, ಟಪ್ ಅಂದ್ರ ಆ ದಿನದ ಚಾ ಬಂದ್. ಈಗ ಅವ ದಾಡಿ ಮಾಡ್ತಾನ, ಹೆದರಬ್ಯಾಡ್ರಿ, ಕೈ ಹಗುರ ಅದ. ನಾ ಹೇಳ್ಬೇಕಂದಿದ್ದು ಕತ್ರಿ ಬಗ್ಗಿ. ಕಾಕಾಗ ಒಂದು ಚಾಳಿ, ಎರಡು ಸಲ ಕೂದ್ಲ ಕತ್ತರಿಸಿದ್ರ ನಾಕು ಸಲ ಗಾಳ್ಯಾಗ ಚಿಕ್ ಚಿಕ್ ಚಿಕ್ ಚಿಕ್ ಅಂತ ಸುಮ್ನ ಆಡಸ್ತಾರ. ಹುಡುಗನೂ ಹಂಗೇ ಆಡಸ್ತಾನ, ಅದೇ ತಾಳ, ನಾಕಕ್ಕ ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಯಾಕಪ್ಪಾ ಅಂದ್ರ ‘ಗೊತ್ತಿಲ್ರಿ ಸರ, ಮಾಮಾ ಮಾಡ್ತಾರ’ ಅಂದ. ಹಾರ್ನರ್ ಮತ್ತ ವೈಟನ್ 2005ರಾಗ ಒಂದು ಡಬ್ಬಿ ಇಟ್ಟು ಚಿಂಪಾಂಜಿ ಮರಿಗಳಿಗೂ ಮೂರು ನಾಕು ವರ್ಷದ ಮಕ್ಕಳಿಗೂ ತಿನಿಸು ತಗಿಯೋದು ತೋರಿಸಿದ್ರು, ನಡುವ ಬೇಕಂತಲೇ ಕೆಲಸಕ್ಕ ಬಾರದ ಬಡಿಯೋದು ಕುಟ್ಟೋದು ಸೇರಿಸಿದ್ರು. ಡಬ್ಬಿ ಪಾರದರ್ಶಕ ಇದ್ದಾಗ ಚಿಂಪಾಂಜಿ ಆ ದಂಡದ ಕೆಲಸ ಬಿಟ್ಟು ಸೀದಾ ತಿನಿಸಿಗಿ ಕೈ ಹಾಕಿದ್ವು, ಮಕ್ಕಳು ಮಾತ್ರ ಬಡಿಯೋದು ಕುಟ್ಟೋದು ಎಲ್ಲಾ ಮಾಡಿ ಆಮ್ಯಾಲ ತಗದ್ವು. ಯಾರು ಶಾಣ್ಯಾ ಇಲ್ಲಿ? ಆ ಹೊತ್ತಿಗಿ ಚಿಂಪಾಂಜಿ. ಆದ್ರ ಯಾಕ ಅಂತ ತಿಳೀದ ಕೆಲಸಾನೂ ಹಂಗೇ ನಕಲು ಮಾಡೋ ಹುಚ್ಚು ಇದ್ದಿದ್ದಕ್ಕೇ ಕಾಕಾನ ಅಪ್ಪನ ಕೈ ಓಟ ಈ ಹುಡುಗನ ತನಕ ಬಂದದ, ಜೊತಿಗಿ ಚಿಕ್ ಚಿಕ್ ಫ್ರೀ.

ನಮ್ಮ ಪಕ್ಕದ ಯಾದಗಿರಿ ಜಿಲ್ಲಾದಾಗ, ಹುಣಸಗಿ ಹತ್ರ ಇಸಾಂಪುರ ಅಂತ ಊರದ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವ್ರು ಅಲ್ಲಿ ಅಗದು ತಗದದ್ದು ಕಲ್ಲಿನ ಕೈಕೊಡ್ಲಿ ಮಾಡೋ ಜಾಗಾ, ಸುಮಾರು 12 ಲಕ್ಷ ವರ್ಷದ ಹಿಂದಿಂದು ಅಂತ ಲೆಕ್ಕ ಬಂದದ. ನಮ್ಮ ಜಾತಿ ಮನಷ್ಯಾ ಇನ್ನೂ ಹುಟ್ಟೇ ಇರಲಿಲ್ಲ ಆಗ. ಅದೂ ಸುಣ್ಣದಕಲ್ಲೇ, ಭೀಮಾ ಸೀಮಿ ಕಲ್ಲು, ಕಾಕಾನ ಅಂಗಡಿ ಫರಸಿಗಿ ದೂರದ ಬಳಗ ಅನ್ಬಹುದು. ಒಂದು ಏಟು ತಪ್ಪಿದ್ರ ಧಾರಿ ಹೋಗಿ ಕಲ್ಲು ದಂಡ. ಅಲ್ಲೂ ಯಾರೋ ಒಬ್ಬ ಹುಡುಗ ಯಾವದೋ ಮಾಮಾನ ಕೈ ನೋಡ್ಕೋತ ಕುಂತಿರ್ಬೇಕು ಅಂತ ನಾ ಅಂದ್ಕೋತೀನಿ, ಫುಗ್ಗಾ ಇರ್ಲಿಲ್ಲ ಅಷ್ಟೇ.

ಈಗ ಸ್ಟಾರ್ ಯಾಕ ಕಟ್ ಮಾಡಿದೆ ಅನ್ನೋದು. ಎರಡು ವರ್ಷದ ಹಿಂದ ದಾಡಿ ಮಾಡಿಸ್ಕೋತ ಕುಂತಾಗ ಮಾತಿಗಿ ಮಾತು ಬಂದು, ಊರಾಗ ನನ್ನ ಪಾಲಿಂದು ಎರಡು ಎಕರೆ ಹೊಲ ಮಾರ್ಬೇಕಂತ ಮಾಡೀನಿ, ಇನ್ನೂ ಯಾರಿಗೂ ಹೇಳಿಲ್ಲ ಅಂತ ಕಾಕಾಗ ಹೇಳಿದೆ. ಯಾಕ ಹೇಳಿದೆ? ಅದೇ ಎಂಡಾರ್ಫಿನ್. ಶುಕ್ರವಾರ ಹೇಳಿದ್ದು, ಸೋಮವಾರ ಮುಂಜಾನಿ ಊರಿಂದ ನಮ್ಮಣ್ಣನ ಫೋನು: ‘ಏನೋ ತಮ್ಮಾ, ಹೊಲ ಮಾರ್ಲಾಕ ಹೊಂಟಿಯಂತ, ಒಂದ್ ಮಾತು ನನಗ ಹೇಳ್ಬಾರ್ದಾ?’ ಆಮ್ಯಾಲ ಎರಡು ತಿಂಗಳು ಮಾತಿಲ್ಲ ಕಥಿಯಿಲ್ಲ. ಹ್ಯಾಮಿಲ್ಟನ್ 1964ರಾಗ ಬರದ ಲೆಕ್ಕದಾಗ ಒಂದೇ ತಾಯಿ ತಂದಿ ಮಕ್ಕಳಾಗ ಅರ್ಧಾ ಪಾಲು ಜೀನ್ ಹೊಂದತಾವ, ಅದಕ್ಕ ಅಣ್ಣ ತಮ್ಮಗ ಜೀವ ಕೊಡ್ಲಾಕೂ ತಯಾರ ಇರ್ತಾನ ಅಂತ ನಾನೇ ಕ್ಲಾಸಿನಾಗ ಹೇಳ್ತೀನಿ, ಹೊಲದ ಬದು ಮಾತ್ರ ಆ ಲೆಕ್ಕದಾಗ ಸಿಗಂಗಿಲ್ಲ. ಕಾಕಾಗ ಹೋಗಿ ಕೇಳಿದ್ರ, ‘ನಿಮ್ಮ ಒಳ್ಳೇದಕ್ಕೇ ಹೇಳಿನ್ರಿ ಸರ, ಒಬ್ಬ ಗಿರಾಕಿ ಇದ್ದ, ರೇಟ್ ಚೊಲೊ ಬರ್ತಿತ್ತು’ ಅಂದ್ರು. ಫೋನ್ ಪೇ ಸೌಂಡ್ ಬಂದ್ ಮಾಡಿ ಇಡೋ ಮನಷ್ಯಾ ನನ್ನ ಹೊಲದ ಸುದ್ದಿಗಿ ಮೈಕ್ ಹಚ್ಚಿದ್ರು. ರೊಕ್ಕದ ಗುಟ್ಟು ಬ್ಯಾರೆ, ಮಂದಿ ಗುಟ್ಟು ಬ್ಯಾರೆ, ಎರಡನೇದು ಅವರ ಧಂದೆಯ ಬಂಡವಾಳ, ನಾಲ್ಕು ಸುದ್ದಿ ಕೊಟ್ರನೇ ನಾಲ್ಕು ಸುದ್ದಿ ಬರ್ತಾವ, ಬೆಂಚು ತುಂಬತದ. ಒಂದು ಸ್ಟಾರ್ ಅಲ್ಲಿ ಹೋಯ್ತು.

ಕೊಟ್ಟ ನಾಕು ಸ್ಟಾರಿನಾಗ ಒಂದು ಮಾತ್ರ ಕಟಿಂಗಿಗೂ ಅಲ್ಲ, ಮಾಲೀಶಿಗೂ ಅಲ್ಲ. ಊರಾಗ ನಮ್ಮ ಮುತ್ಯಾನ ಕಾಲಕ್ಕ ಆಯ ಇತ್ತು, ರಾಶಿ ಟೈಮಿಗಿ ಜೋಳ ಅಳದು ಕೊಡೋದು, ವರ್ಷಿಡೀ ಊರ ಕಟಿಂಗಿನವ ಮನಿ ಮುಂದ ಬಂದು ಕಟಿಂಗ್ ಮಾಡೋದು. ದೊಡ್ಡವ್ರ ಕಟ್ಟಿಗಿ ಬರ್ತಿದ್ದ, ಊರ ಹೊರಗಿನ ಕೇರಿಗಿ ಹೋಗ್ತಿರಲಿಲ್ಲ, ಹೋಗ್ಲಾಕ ದೊಡ್ಡವ್ರು ಬಿಡ್ತಿರಲಿಲ್ಲ. ಈಗಲೂ ನಮ್ಮ ರಾಜ್ಯದ ಕೆಲವು ಹಳ್ಳಿಗಳಾಗ ದಲಿತರಿಗಿ ಕಟಿಂಗ್ ಮಾಡಂಗಿಲ್ಲ ಅಂತ ಅಂಗಡೀನೇ ಬಂದ್ ಇಟ್ಟ ಸುದ್ದಿ ಪೇಪರಿನಾಗ ಬರ್ತದ. ನಮ್ಮವ್ರು, ಹೊರಗಿನವ್ರು ಅಂತ ಗೆರಿ ಎಳಿಯೋದು ಮನಷ್ಯಾಗ ಎಷ್ಟು ಸಲೀಸು ಅನ್ನೋದನ್ನ ಟಾಜ್‌ಫೆಲ್ 1971ರಾಗ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಸಾಲಿ ಹುಡುಗರ ಮ್ಯಾಲ ನೋಡಿದ್ರು, ಯಾವ ಪೇಂಟಿಂಗ್ ಇಷ್ಟ ಅನ್ನೋ ಕ್ಷುಲ್ಲಕ ಕಾರಣಕ್ಕ ಎರಡು ಗುಂಪು ಮಾಡಿದ್ರ ಸಾಕು, ರೊಕ್ಕ ಹಂಚುವಾಗ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಹಾಕಿದ್ರು. ಸಲೀಸು ಅಂದ್ರ ಸರಿ ಅಂತಲ್ಲ, ಮತ್ತ ಯಾರನ್ನ ಹೊರಗ ಇಡಬೇಕು ಅಂತ ಯಾವ ಜೀನಿನಾಗೂ ಬರದಿಲ್ಲ, ಅದನ್ನ ಊರು ಬರದದ್ದು. ಕಾಕಾನ ಅಪ್ಪ ಇದೇ ಜಗಳಕ್ಕ ಊರು ಬಿಟ್ಟು ಕಲಬುರಗಿಗಿ ಬಂದು ಬೇವಿನ ಗಿಡದ ಕೆಳಗ ಖುರ್ಚಿ ಹಾಕಿದವ್ರು ಅಂತ. ಇವತ್ತಿಗೂ ಇಲ್ಲಿ ಎಲ್ಲಾರಿಗೂ ಅದೇ ಖುರ್ಚಿ, ಅದೇ ಸರದಿ (ಸ್ಟೇಷನ್ ಹುಡುಗರನ್ನ ಬಿಟ್ಟು), ಯಾರ ಅಡ್ಡಹೆಸರೂ ಕೇಳಂಗಿಲ್ಲ. ಊರು ಕೇಳ್ತಾರ, ಅದು ಸುದ್ದಿ ಸಲುವಾಗಿ.

ಹೋಗೋರಿಗಿ: ಸಂಡೇ ಬ್ಯಾಡ, ಬುಧವಾರ ಮಧ್ಯಾಹ್ನ ಖಾಲಿ ಇರ್ತದ. ಶ್ರಾವಣದಾಗಂತೂ ಕೇಳೇಬ್ಯಾಡ್ರಿ, ಅರ್ಧಾ ಊರು ದಾಡಿ ಬಿಟ್ಟಿರ್ತದ, ಕಾಕಾ ಬೆಂಚಿನ ಮ್ಯಾಲ ತಾವೇ ಮಲಗಿರ್ತಾರ. ಬೈಕ್ ಗಿರಣಿ ಮುಂದ ಹಚ್ಚಬ್ಯಾಡ್ರಿ, ಬೈತಾರ. ಹೊಸ ಫ್ಯಾಶನ್ ಕಟಿಂಗ್ ಬೇಕಾದ್ರ ಹುಡುಗನ ಖುರ್ಚಿ, ಕಾಕಾಗ ಮೊಬೈಲಿನಾಗ ಫೋಟೋ ತೋರಿಸಿದ್ರ ‘ಹಾಂ ಹಾಂ ಗೊತ್ತದ’ ಅಂದು ತಮಗ ಬರೋದೇ ಮಾಡ್ತಾರ.

ಈ ರಿವ್ಯೂ ಬರೀಬೇಕು ಅಂತ ನಾ ಹೇಳಿದ್ದು ಚಾದ ಬಂಡಿಯವನಿಗಿ ಒಬ್ಬನಿಗೇ, ಅದೂ ಮಾತಿನಾಗ ಮಾತು. ಹೋದ ಬುಧವಾರ ಖುರ್ಚಿ ಹಿಂದಕ್ಕ ಬಗ್ಗಿಸಿ, ಗದ್ದ ಎತ್ತಿಸಿ, ಬ್ಲೇಡ್ ಗಂಟಲ ಗುಳ್ಳಿ ಮ್ಯಾಲ ಇಟ್ಟು ಕಾಕಾ ಕೇಳಿದ್ರು, ‘ಸರ, ಮೊಬೈಲಿನಾಗ ನಮ್ಮ ಅಂಗಡಿ ಬಗ್ಗಿ ಬರೀತೀರಂತ, ಎಷ್ಟು ಸ್ಟಾರ್ ಕೊಡ್ತೀರಿ?’

ಉಗುಳು ನುಂಗದೇ ಐದೂ ಬೆರಳು ತೋರಿಸಿದೆ. ಇದನ್ನ ಓದಿದವ್ರು ಯಾರೂ ಕಾಕಾಗ ಹೇಳಬ್ಯಾಡ್ರಿ, ಮುಂದಿನ ಬುಧವಾರ ಮತ್ತ ಹೋಗ್ಬೇಕು.